ಐ ಆ್ಯಮ್ ಸರ್‌ಪ್ರೈಸ್

ಇಂಗ್ಲಿಷ್ ಕಲಿಯಲು ಕೂರುವ ಮೊದಲೇ ನಮ್ಮ ಮಕ್ಕಳಿಗೆ ಬಂದುಬಿಟ್ಟಿರುವ ಪದಗಳಲ್ಲಿ ಸರ್‌ಪ್ರೈಸ್ ಒಂದು. ಅದನ್ನು ಯಾರೂ ಪಾಠ ಮಾಡಿರುವುದಿಲ್ಲ. ರಾತ್ರಿ ಹನ್ನೆರಡಕ್ಕೆ ಹಾಸ್ಟೆಲ್ಲಿನ ಬಾಗಿಲು ತಟ್ಟಿ, ಕೇಕು ಹಿಡಿದು ನಿಂತ ಗೆಳತಿಯರು ಕೊಡುವುದು ಸರ್‌ಪ್ರೈಸ್. ಗಣಿತದ ಮೇಷ್ಟ್ರು ಮುಂಚೆ ಹೇಳದೆ ಕೊಡುವುದು ಸರ್‌ಪ್ರೈಸ್ ಟೆಸ್ಟ್. ಬೆಳಗಿನ ಪ್ರಾರ್ಥನೆಯ ಹೊತ್ತಿಗೇ ಬಿಇಓ ಸಾಹೇಬರು ಜೀಪಿನಿಂದ ಇಳಿದರೆ ಅದು ಸರ್‌ಪ್ರೈಸ್ ವಿಸಿಟ್. ಹೀಗೆ ಕನ್ನಡದೊಳಗೆ ಬಂದು ನೆಲೆಸಿದ ಸರ್‌ಪ್ರೈಸು ಒಬ್ಬರು ಇನ್ನೊಬ್ಬರಿಗೆ ಕೊಡುವ ವಸ್ತು. ಅದಕ್ಕೆ ಕೊಡುವ ಕೈ ಬೇಕು, ಮೊದಲೇ ಹೂಡಿದ ಉಪಾಯ ಬೇಕು. ಆಗುಂಬೆಯ ತಿರುವಿನಲ್ಲಿ ಮಂಜು ಸರಿದು ಕೆಳಗಿನ ಕಾಡೆಲ್ಲ ಒಮ್ಮೆಗೇ ಕಣ್ಣಿಗೆ ಬಿದ್ದಾಗ ನಮ್ಮಲ್ಲಿ ಯಾರೂ ಸರ್‌ಪ್ರೈಸ್ ಎನ್ನುವುದಿಲ್ಲ. ಹಾಸನದವರು "ಅಬ್ಬಾ" ಎನ್ನುತ್ತಾರೆ, ಹುಬ್ಬಳ್ಳಿಯವರು "ಯಪ್ಪಾ" ಎನ್ನುತ್ತಾರೆ, ಮಂಗಳೂರಿನವರು "ಎಂಥದು ಮಾರಾಯ್ರೆ ಇದು" ಎನ್ನುತ್ತಾರೆ. ಈ "ಅಬ್ಬಾ"ವನ್ನು ಇಂಗ್ಲಿಷಿನಲ್ಲಿ ಹೇಳಬೇಕಾಗಿ ಬಂದಾಗಲೇ ಕಷ್ಟ ಶುರುವಾಗುವುದು. ಕೈಯಲ್ಲಿ ಇರುವ ಪದ ಒಂದೇ, ಅದೂ ಕೇಕಿನ ಜೊತೆ ಬಂದದ್ದು. ಅದನ್ನೇ ಹಿಡಿದುಕೊಂಡು ಹುಡುಗ ಹೇಳುತ್ತಾನೆ: "ಐ ಆ್ಯಮ್ ಸರ್‌ಪ್ರೈಸ್."

ನಾನು ಹಾಸನ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಅರಕಲಗೂಡು, ಹೊಳೆನರಸೀಪುರ, ಬೇಲೂರು ಕಡೆಯ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಬರುವವರೇ ಹೆಚ್ಚು. ನಮ್ಮ ಸರ್ಕಾರಿ ಶಾಲೆಗಳಿಗೆ 2007-08ರಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂತು. ಹಾಗಾಗಿ ಈಗಿನವರು ಡಿಗ್ರಿಗೆ ಬರುವ ಹೊತ್ತಿಗೆ ಹನ್ನೆರಡು ವರ್ಷ ಇಂಗ್ಲಿಷ್ ಓದಿರುತ್ತಾರೆ. ಆದರೂ "ಐ ಆ್ಯಮ್ ಸರ್‌ಪ್ರೈಸ್" ಎಂಬ ವಾಕ್ಯ ಪ್ರತಿ ವರ್ಷ ಹೊಸ ಮುಖಗಳ ಬಾಯಲ್ಲಿ ಮತ್ತೆ ಹುಟ್ಟುತ್ತದೆ. ಇದನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕುವುದು ಸುಲಭ. ಹೊಡೆದುಹಾಕುವ ಮೊದಲು ಅದು ಹೇಗೆ ಹುಟ್ಟಿತು ಎಂದು ನೋಡಬೇಕು ಎನ್ನುವುದು ನನ್ನ ಹಠ. ಏಕೆಂದರೆ ಆ ವಾಕ್ಯದಲ್ಲಿ ದಡ್ಡತನ ಎಳ್ಳಷ್ಟೂ ಇಲ್ಲ.

ಮೊದಲ ಕಾರಣ ಕಿವಿಯದು. ಇಂಗ್ಲಿಷಿನವರು "ಐ ವಾಸ್ ಸರ್‌ಪ್ರೈಸ್ಡ್ ಟು ಸೀ" ಎಂದು ಹೇಳುವಾಗ ಕೊನೆಯ ಡಕಾರ ಮುಂದಿನ ಟಕಾರದಲ್ಲಿ ಕರಗಿಹೋಗುತ್ತದೆ. ಕೇಳುವವರಿಗೆ ಸಿಗುವುದು ಸರ್‌ಪ್ರೈಸ್ ಮಾತ್ರ. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ. ಎರಡು ವ್ಯಂಜನ ಒತ್ತಿಕೊಂಡು ಪದ ನಿಂತುಬಿಡುವುದು ನಮ್ಮ ನಾಲಿಗೆಗೆ ಅಭ್ಯಾಸವಿಲ್ಲ, ಅಭ್ಯಾಸವಿಲ್ಲದ್ದನ್ನು ಕಿವಿಯೂ ಹಿಡಿಯುವುದಿಲ್ಲ. ಮಕ್ಕಳು ಕೇಳಿದ್ದನ್ನೇ ನಿಷ್ಠೆಯಿಂದ ಹೇಳುತ್ತಿದ್ದಾರೆ.

ಎರಡನೆಯ ಕಾರಣ ಇನ್ನೂ ಆಳದ್ದು, ನನಗೆ ತುಂಬ ಪ್ರಿಯವಾದದ್ದು. ಕನ್ನಡದಲ್ಲಿ ಆಶ್ಚರ್ಯ ಆದವರು ಚತುರ್ಥಿ ವಿಭಕ್ತಿಯಲ್ಲಿ ಬರುತ್ತಾರೆ. ನನಗೆ ಆಶ್ಚರ್ಯವಾಯಿತು. ನನಗೆ ಹಸಿವಾಯಿತು, ನನಗೆ ಜ್ವರ ಬಂತು, ನನಗೆ ನಾಚಿಕೆಯಾಯಿತು ಎನ್ನುವ ಸಾಲಿನಲ್ಲೇ ಅದೂ ಇದೆ. ನಾವು ಮಾಡುವುದಲ್ಲ ಅದು, ನಮಗೆ ಆಗುವುದು. ವಾಕ್ಯದ ಕರ್ತೃಸ್ಥಾನದಲ್ಲಿ ಕೂರುವುದು ಆಶ್ಚರ್ಯ. ನಾವು ಅದರ ಪಕ್ಕದಲ್ಲಿ "ಗೆ" ಪ್ರತ್ಯಯ ಹೊತ್ತು ನಿಂತಿರುತ್ತೇವೆ. ನಮ್ಮ ಅಕ್ಕಪಕ್ಕದ ದ್ರಾವಿಡ ಭಾಷೆಗಳಲ್ಲಿಯೂ ಹಿಂದಿಯಲ್ಲಿಯೂ ಹೀಗೆಯೇ. ಇಂಗ್ಲಿಷಿನಲ್ಲಿ ಮಾತ್ರ "ಐ" ಬಂದು ಮುಂದೆ ಕೂರಬೇಕು. ಕೂತಮೇಲೆ ತಾನೇ ಏನೋ ಮಾಡಿದ ಹಾಗೆ ಕಾಣುತ್ತದೆ, ಮಾಡಿದ್ದು ಮಾತ್ರ ಬೇರೆ ಯಾವುದೋ. ಈ ತಿರುವು ಕನ್ನಡದ ಮನಸ್ಸಿಗೆ ವಿಚಿತ್ರ. ಅದಕ್ಕೇ ಮಕ್ಕಳು ಬೇರೆ ಬೇರೆ ದಾರಿ ಹುಡುಕುತ್ತಾರೆ. "ಇಟ್ ಸರ್‌ಪ್ರೈಸ್ಡ್ ಟು ಮಿ" ಎಂದು ಬರೆದ ಹುಡುಗಿ ತನ್ನ "ನನಗೆ"ಯನ್ನು ಬಿಟ್ಟುಕೊಟ್ಟಿಲ್ಲ. "ಐ ಗಾಟ್ ಸರ್‌ಪ್ರೈಸ್" ಎಂದವನು "ಆಯಿತು" ಎಂಬ ಕ್ರಿಯೆಗೆ ಸಮನಾದದ್ದನ್ನು ಹುಡುಕಿ "ಗಾಟ್"ಗೆ ಬಂದು ನಿಂತಿದ್ದಾನೆ. "ಐ ಆ್ಯಮ್ ಸರ್‌ಪ್ರೈಸಿಂಗ್" ಎಂದವಳು ಹಿಂದಿನ ವಾರವಷ್ಟೇ "ಐ ಆ್ಯಮ್ ರೀಡಿಂಗ್, ಐ ಆ್ಯಮ್ ಈಟಿಂಗ್" ಕಲಿತಿದ್ದಾಳೆ. ಆ ವಾಕ್ಯಗಳನ್ನು ಒಂದರ ಪಕ್ಕ ಒಂದಿಟ್ಟರೆ ಕಲಿಯುವ ಮನಸ್ಸು ನಡೆದು ಬಂದ ದಾರಿ ಹೆಜ್ಜೆಹೆಜ್ಜೆಗೂ ಕಾಣುತ್ತದೆ. ಅಂಕ ಕಳೆಯುವವರಿಗೆ ಅಷ್ಟೂ ಒಂದೇ ತಪ್ಪು. ನನಗೆ ಹಾಗೆ ಅನ್ನಿಸುವುದಿಲ್ಲ.

ಬೇಲೂರಿನ ಕಡೆಯ ಹುಡುಗಿಯೊಬ್ಬಳು ತನ್ನ ಊರಿನ ಬಗ್ಗೆ ಒಂದು ಪುಟ ಬರೆದುಕೊಂಡು ಬಂದಿದ್ದಳು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ, ಸೂರಿನಡಿಯ ಮದನಿಕೆಯರು, ಕನ್ನಡಿ ಹಿಡಿದ ದರ್ಪಣಸುಂದರಿ ಎಲ್ಲ ಬಂದಿತ್ತು. ನಡುವೆ ಒಂದು ವಾಕ್ಯ: ಮದನಿಕೆಯರನ್ನು ನೋಡುವಾಗ "ಫಾರಿನರ್ಸ್ ಆರ್ ಸರ್‌ಪ್ರೈಸಿಂಗ್". ನಾನು ಕೇಳಿದೆ, "ಯಾರಿಗೆ ಆಶ್ಚರ್ಯ ಆಗಿದ್ದಮ್ಮ? ಅವರಿಗೋ, ಅವರನ್ನ ನೋಡಿ ನಿಂಗೋ?" ಅವಳು ಒಂದು ಕ್ಷಣ ಯೋಚಿಸಿ, "ಎರಡೂ ಮೇಡಂ. ಅವರು ನವರಂಗದಲ್ಲಿ ನೆಲದ ಮೇಲೆ ಅಂಗಾತ ಮಲಗಿ ಛಾವಣಿ ಫೋಟೋ ತೆಗೀತಾರೆ. ಅವರಿಗೆ ಶಿಲ್ಪ ನೋಡಿ ಆಶ್ಚರ್ಯ, ನಮಗೆ ಅವರು ಮಲಗಿದ್ದು ನೋಡಿ ಆಶ್ಚರ್ಯ" ಎಂದಳು. ಅಂದಮೇಲೆ ಆ ವಾಕ್ಯದಲ್ಲಿ ಅರ್ಧ ಸರಿಯೇ ಇತ್ತು. ಊರಿನ ಮಕ್ಕಳ ಕಣ್ಣಿಗೆ ಫಾರಿನರ್ಸ್ ನಿಜವಾಗಿಯೂ ಸರ್‌ಪ್ರೈಸಿಂಗ್. ಸರ್‌ಪ್ರೈಸ್ಡ್ ಯಾರು, ಸರ್‌ಪ್ರೈಸಿಂಗ್ ಯಾರು ಎಂದು ಬೇರೆ ಮಾಡಬೇಕಿತ್ತು ಅಷ್ಟೆ.

ಬೇರೆ ಮಾಡುವುದಕ್ಕೆ ಕನ್ನಡದಲ್ಲೇ ದಾರಿ ಇದೆ. ಬೋರ್ಡಿನ ಮೇಲೆ "ನನಗೆ ಆಶ್ಚರ್ಯವಾಯಿತು" ಎಂದು ಬರೆದು ಅದರಿಂದ ಇಂಗ್ಲಿಷಿಗೆ ಹೊರಟರೆ ನಡುವೆ ದೊಡ್ಡ ಕಂದಕ. ಅದರ ಬದಲು "ನಾನು ಬೆರಗಾದೆ" ಎಂದು ಬರೆದರೆ ಕಂದಕವೇ ಇಲ್ಲ. ಕನ್ನಡಕ್ಕೆ ಆಶ್ಚರ್ಯದ ವಾಕ್ಯ ಎರಡು ಬಗೆಯದಿದೆ. ನನಗೆ ಆಶ್ಚರ್ಯವಾಯಿತು, ನನಗೆ ಸೋಜಿಗವೆನಿಸಿತು ಎನ್ನುವುದು ಒಂದು. ನಾನು ಬೆರಗಾದೆ, ದಂಗಾದೆ, ಚಕಿತಳಾದೆ, ತಬ್ಬಿಬ್ಬಾದೆ ಎನ್ನುವುದು ಇನ್ನೊಂದು. ಎರಡನೆಯದರಲ್ಲಿ "ನಾನು" ಮುಂದೆಯೇ ಕೂತಿದೆ, "ಆದೆ" ಎಂಬುದು "ವಾಸ್" ಇರುವ ಕಡೆ ಇದೆ. ಹಾಗೆಯೇ ಬೆರಗಾದ ಹುಡುಗಿ, ಬೆರಗುಗೊಳಿಸುವ ಹುಡುಗಿ ಎಂದು ಪಕ್ಕಪಕ್ಕದಲ್ಲಿ ಬರೆದರೆ ಸರ್‌ಪ್ರೈಸ್ಡ್ ಮತ್ತು ಸರ್‌ಪ್ರೈಸಿಂಗ್ ತಾವಾಗಿಯೇ ತಮ್ಮ ತಮ್ಮ ಜಾಗದಲ್ಲಿ ಹೋಗಿ ನಿಲ್ಲುತ್ತವೆ. ಬೇಲೂರಿನ ಹುಡುಗಿ ಇದನ್ನು ನೋಡಿದ ತಕ್ಷಣ, "ಬೆರಗಾದ ಫಾರಿನರ್ಸ್, ಬೆರಗುಗೊಳಿಸುವ ಮದನಿಕೆ" ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಪುಸ್ತಕದಲ್ಲಿ ತಿದ್ದಿಕೊಂಡಳು. ವ್ಯಾಕರಣದ ಒಂದು ನಿಯಮವನ್ನೂ ನಾನು ಹೇಳಬೇಕಾಗಲಿಲ್ಲ. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಬಾಯಿಬಿಡಬಾರದು ಎಂದು ಹೇಳುವ ಹಿರಿಯರನ್ನು ನಾನು ಗೌರವಿಸುತ್ತೇನೆ. ಆದರೆ ಮಕ್ಕಳ ಬಳಿ ಆಗಲೇ ಇರುವ ಬಂಡವಾಳವನ್ನು ಬಾಗಿಲ ಹೊರಗೆ ಇಡಿಸಿ ಬರಿಗೈಯಲ್ಲಿ ಒಳಗೆ ಕರೆಯುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಭಾಷೆ ಕಲಿಯುವವರನ್ನು ಅಳೆಯಲು ಯುರೋಪಿನವರು ಮಾಡಿಕೊಂಡ ಆರು ಮೆಟ್ಟಿಲುಗಳ ಏಣಿ ಈಗ ನಮ್ಮ ಊರುಗಳಿಗೂ ಬಂದಿದೆ. ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಅದನ್ನು ಪ್ರಕಟಿಸಿತು. ಎ1ರಿಂದ ಶುರುವಾಗಿ ಸಿ2ಕ್ಕೆ ಮುಗಿಯುತ್ತದೆ. ಆಶ್ಚರ್ಯ, ಸಂತೋಷ, ದುಃಖ, ಆಸಕ್ತಿ ಇಂಥ ಭಾವನೆಗಳನ್ನು ಹೇಳಿಕೊಳ್ಳುವ ಮತ್ತು ಇನ್ನೊಬ್ಬರು ಹೇಳಿದಾಗ ಸ್ಪಂದಿಸುವ ಶಕ್ತಿಯನ್ನು ಅದರಲ್ಲಿ ಮೂರನೆಯ ಮೆಟ್ಟಿಲಾದ ಬಿ1ರಲ್ಲಿ ಇಟ್ಟಿದ್ದಾರೆ. ಅಳತೆಗೋಲಾಗಿ ಅದು ಒಳ್ಳೆಯದೇ. ಆದರೆ ಪಾಠದ ಕ್ರಮವೂ ಹಾಗೇ ಇರಬೇಕು ಎಂದು ಕೆಲವು ಪಠ್ಯಗಳನ್ನು ಮಾಡುವವರು ತಿಳಿದುಕೊಂಡುಬಿಡುತ್ತಾರೆ. ಎ1ರ ಪುಸ್ತಕ ತೆರೆದರೆ ಹೆಸರು, ಊರು, ಗಂಟೆ, ಬಣ್ಣ, ಅಂಗಡಿಯಲ್ಲಿ ಸೇಬು ಕೊಳ್ಳುವುದು. ಅಲ್ಲಿ ಯಾರಿಗೂ ಯಾವುದರಿಂದಲೂ ಆಶ್ಚರ್ಯವಾಗುವುದಿಲ್ಲ. ಮೊದಲ ದಿನ ಕಾಲೇಜಿಗೆ ಬಂದು, ಮೂರಂತಸ್ತಿನ ಗ್ರಂಥಾಲಯ ನೋಡಿ, ಕಣ್ಣರಳಿಸಿ ನಿಂತ ಹುಡುಗನಿಗೆ ಆ ಹೊತ್ತಿಗೆ ಬೇಕಾದ ಮಾತು ಸೇಬಿನ ಬೆಲೆಯದಲ್ಲ.

ಪದಗಳ ಪಟ್ಟಿಯಲ್ಲೂ ಒಂದು ಸ್ವಾರಸ್ಯ ಇದೆ. ಕಲಿಯುವವರಿಗೆ ಅತ್ಯಗತ್ಯವಾದ ಮೂರು ಸಾವಿರ ಪದಗಳು ಎಂದು ಆಕ್ಸ್‌ಫರ್ಡ್‌ನವರು ಮಾಡಿರುವ ಪಟ್ಟಿಯಲ್ಲಿ "ಅಮೇಜಿಂಗ್" ಮೊದಲ ಮೆಟ್ಟಿಲಿನಲ್ಲೇ ಇದೆ, "ಸರ್‌ಪ್ರೈಸ್ಡ್" ಎರಡನೆಯದರಲ್ಲಿ. ಬೆರಗಿನ ಅಳತೆಯಲ್ಲಿ ಅಮೇಜಿಂಗ್ ದೊಡ್ಡದು, ಸರ್‌ಪ್ರೈಸ್ ಸಣ್ಣದು. ಆದರೂ ದೊಡ್ಡದು ಮುಂಚೆ ಬಂದಿದೆ. ಊಟ ಅಮೇಜಿಂಗ್, ಹಾಡು ಅಮೇಜಿಂಗ್, ಚಪ್ಪಲಿ ಅಮೇಜಿಂಗ್ ಎಂದು ಅಷ್ಟು ಬಳಸಿದ ಮೇಲೆ ಅದರ ಬೆರಗೆಲ್ಲ ಸವೆದು "ಚೆನ್ನಾಗಿದೆ" ಎಂಬ ಅರ್ಥ ಮಾತ್ರ ಉಳಿದಿದೆ. ನಮ್ಮ "ಅದ್ಭುತ"ಕ್ಕೂ ಇದೇ ಗತಿ. ಭರತಮುನಿ ರಸಗಳಲ್ಲಿ ಒಂದಾಗಿ ಎಣಿಸಿ, ವಿಸ್ಮಯವನ್ನು ಸ್ಥಾಯಿಭಾವವಾಗಿ ಕೊಟ್ಟ ಅದ್ಭುತ ಈಗ ಟೀವಿಯ ಅಡುಗೆ ಕಾರ್ಯಕ್ರಮದಲ್ಲಿ ಉಪ್ಪಿಟ್ಟಿಗೂ ಸಲ್ಲುತ್ತದೆ. ಇದು ನನಗೆ ಬೇಸರದ ವಿಷಯ, ನಿಜ. ಆದರೆ ಕಲಿಯುವವರಿಗೆ ಹೇಳುವಾಗ ಇರುವುದನ್ನು ಇರುವ ಹಾಗೇ ಹೇಳಬೇಕು: ಊಟ ಹೊಗಳಲು ಅಮೇಜಿಂಗ್ ಸಾಕು, ನಿಜವಾಗಿ ಬೆರಗಾದಾಗ ಬೇರೆ ಪದ ನೋಡಿಕೋ.

1930ರಲ್ಲಿ ಸಿ. ಕೆ. ಆಗ್ಡೆನ್ ಎಂಬ ಇಂಗ್ಲಿಷ್ ವಿದ್ವಾಂಸರು ಜಗತ್ತಿನವರೆಲ್ಲ ಬೇಗ ಕಲಿಯಲಿ ಎಂದು ಇಂಗ್ಲಿಷನ್ನು 850 ಪದಗಳಿಗೆ ಇಳಿಸಿ ಒಂದು ಪಟ್ಟಿ ಮಾಡಿದರು. ಬೇಸಿಕ್ ಇಂಗ್ಲಿಷ್ ಎಂದು ಅದಕ್ಕೆ ಹೆಸರು. ಅಷ್ಟು ಕಡಿಮೆ ಪದಗಳಲ್ಲೂ ಅವರು ಸರ್‌ಪ್ರೈಸನ್ನು ಉಳಿಸಿಕೊಂಡರು. ಅಮೇಜ್, ಅಸ್ಟಾನಿಶ್ ಎರಡೂ ಹೊರಗುಳಿದವು. ಶಾಕ್ ಒಳಗೆ ಬಂತು.

ಆ ಶಾಕ್ ಕನ್ನಡದಲ್ಲಿ ಪಡೆದಿರುವ ಬದುಕೇ ಬೇರೆ. ಇವತ್ತು ನಮ್ಮ ಹುಡುಗರು ಆಶ್ಚರ್ಯಕ್ಕೆ ನಿಜವಾಗಿ ಬಳಸುವ ಇಂಗ್ಲಿಷ್ ಪದ ಸರ್‌ಪ್ರೈಸ್ ಅಲ್ಲವೇ ಅಲ್ಲ, ಶಾಕ್. "ತೊಂಬತ್ತೆಂಟು ಬಂದಿದೆ ಅಂತ ನೋಡಿ ಶಾಕ್ ಆಗ್ಬಿಟ್ಟೆ." "ಅವಳು ಅಷ್ಟು ಚೆನ್ನಾಗಿ ಹಾಡ್ತಾಳೆ ಅಂತ ಗೊತ್ತೇ ಇರ್ಲಿಲ್ಲ, ಎಲ್ಲಾ ಶಾಕು." ಸಾವಿನ ಸುದ್ದಿಗೂ ಶಾಕ್, ಸರ್ಕಾರಿ ನೌಕರಿಯ ಆದೇಶ ಬಂದದ್ದಕ್ಕೂ ಶಾಕ್. ಕನ್ನಡದಲ್ಲಿ ಇದು ಸಲೀಸು. "ಶಾಕ್ ಆಯ್ತು" ಎಂದರೆ ಮನಸ್ಸಿಗೆ, "ಶಾಕ್ ಹೊಡೀತು" ಎಂದರೆ ಕರೆಂಟು ಎಂದು ಕ್ರಿಯಾಪದದಲ್ಲೇ ಎಷ್ಟು ಅಚ್ಚುಕಟ್ಟಾಗಿ ಹಂಚಿಕೊಂಡಿದ್ದೇವೆ! ಅದನ್ನೇ ಇಂಗ್ಲಿಷಿಗೆ ಹಿಂದಿರುಗಿ ಒಯ್ದಾಗ ಮಾತ್ರ ಎಡವಟ್ಟು. ವಿದ್ಯಾರ್ಥಿವೇತನ ಕೊಟ್ಟ ಹಿರಿಯರೊಬ್ಬರಿಗೆ ಕೃತಜ್ಞತೆಯ ಪತ್ರ ಬರೆದ ಹುಡುಗ "ಐ ವಾಸ್ ಶಾಕ್ಡ್ ಬೈ ಯುವರ್ ಕೈಂಡ್‌ನೆಸ್" ಎಂದು ಬರೆದಿದ್ದ. ಇಂಗ್ಲಿಷಿನಲ್ಲಿ ಶಾಕ್ಡ್ ಎಂದರೆ ಬಹುಪಾಲು ಕೆಟ್ಟದ್ದು ನಡೆದಿರಬೇಕು, ನೋವೋ ಅಸಹ್ಯವೋ ಜೊತೆಗಿರಬೇಕು. ನಿಮ್ಮಂಥವರು ದಯೆ ತೋರಿಸುತ್ತೀರಿ ಎಂದು ನಂಬಲಾಗಲಿಲ್ಲ ಎಂಬ ಅರ್ಥ ಇಣುಕಿಬಿಡುತ್ತದೆ. "ಮೂವ್ಡ್ ಅಂತ ಬರಿ, ಮನಸ್ಸು ತುಂಬಿಬಂತು ಅನ್ನೋದು ಅದೇ" ಎಂದೆ. ಅವನ ಮನಸ್ಸಿನಲ್ಲಿ ಇದ್ದದ್ದೂ ಅದೇ.

ನಡುಮೆಟ್ಟಿಲಿಗೆ ಬಂದವರಿಗೆ ಪದಗಳ ಹಸಿವು ಜಾಸ್ತಿ. ಸರ್‌ಪ್ರೈಸ್ಡ್ ಸರಿಯಾಗಿ ಬಂದ ತಕ್ಷಣ ಅದರ ಮೇಲೆ ತಾತ್ಸಾರ ಹುಟ್ಟುತ್ತದೆ. ಅಸ್ಟಾನಿಶ್ಡ್, ಅಸ್ಟೌಂಡೆಡ್, ಸ್ಟನ್ಡ್, ಫ್ಲ್ಯಾಬರ್‌ಗಾಸ್ಟೆಡ್ ಎಂದು ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಂಡು ಸಿಕ್ಕಿದ ಕಡೆಯೆಲ್ಲ ಇಳಿಸುತ್ತಾರೆ. ಬಸ್ಸು ಐದು ನಿಮಿಷ ತಡವಾಗಿದ್ದಕ್ಕೆ "ಐ ವಾಸ್ ವೆರಿ ಅಸ್ಟಾನಿಶ್ಡ್". ಇದರಲ್ಲಿ ಎರಡು ತೊಡಕು. ಐದು ನಿಮಿಷಕ್ಕೆ ಅಷ್ಟು ದೊಡ್ಡ ಪದ ಹೆಚ್ಚಾಯಿತು ಎನ್ನುವುದು ಒಂದು, ಅದನ್ನು ಅವರೇ ಬೇಗ ಒಪ್ಪುತ್ತಾರೆ. "ವೆರಿ" ಕೂಡುವುದಿಲ್ಲ ಎನ್ನುವುದು ಇನ್ನೊಂದು. ಸರ್‌ಪ್ರೈಸ್ಡ್‌ಗೆ ಹೆಚ್ಚು ಕಡಿಮೆ ಇದೆ, ಅದಕ್ಕೆ ವೆರಿ ಹತ್ತುತ್ತದೆ. ಅಸ್ಟಾನಿಶ್ಡ್ ಆಗಲೇ ತುತ್ತತುದಿಯಲ್ಲಿದೆ. ಅದಕ್ಕೆ ವೆರಿ ಹಚ್ಚಿದರೆ ಇಂಗ್ಲಿಷಿನ ಕಿವಿಗೆ ಸರಿಬೀಳುವುದಿಲ್ಲ, ಬೇಕಿದ್ದರೆ ಆಬ್ಸಲ್ಯೂಟ್ಲಿ ಎನ್ನಬೇಕು. ಇದಕ್ಕೆ ವ್ಯಾಕರಣದ ಪುಸ್ತಕಗಳಲ್ಲಿ ಪುಟಗಟ್ಟಲೆ ವಿವರಣೆ ಇದೆ. ನಾನು ಕನ್ನಡದಲ್ಲಿ ಒಂದೇ ಪ್ರಶ್ನೆ ಕೇಳುತ್ತೇನೆ: "ತುಂಬಾ ಆಶ್ಚರ್ಯ ಆಯ್ತು ಅಂತೀವಿ. ತುಂಬಾ ಬೆಕ್ಕಸಬೆರಗಾದೆ ಅಂತೀವಾ? ಸ್ವಲ್ಪ ದಂಗುಬಡಿದುಹೋದೆ ಅಂತ ಯಾರಾದರೂ ಅಂದದ್ದು ಕೇಳಿದೀರಾ?" ಇಡೀ ತರಗತಿ "ಇಲ್ಲ ಮೇಡಂ" ಎನ್ನುತ್ತದೆ. ಯಾರೂ ಅವರಿಗೆ ಇದನ್ನು ಹೇಳಿಕೊಟ್ಟಿಲ್ಲ, ಆದರೂ ನಿಯಮ ಅವರೊಳಗೆ ಕೂತಿದೆ. ಅಸ್ಟಾನಿಶ್ ಎಂಬುದರ ಲ್ಯಾಟಿನ್ ಬೇರಿನಲ್ಲಿ ಗುಡುಗು ಇದೆ ಎಂದು ಹೇಳಿದರೆ "ಸಿಡಿಲು ಬಡಿದ ಹಾಗೆ" ಎಂದು ಅವರೇ ಮುಗಿಸುತ್ತಾರೆ. ಸಿಡಿಲು ಬಡಿದಮೇಲೆ ತುಂಬಾ, ಸ್ವಲ್ಪ ಎಂಬ ಲೆಕ್ಕ ಎಲ್ಲಿಯದು?

ಇನ್ನೂ ಒಂದು ಮೆಟ್ಟಿಲು ಮೇಲೆ, ಆಶ್ಚರ್ಯದ ಪದವನ್ನೇ ಬಿಟ್ಟು ಆಶ್ಚರ್ಯ ಹೇಳುವ ವಿದ್ಯೆ ಇದೆ. ಈ ವಿಷಯದಲ್ಲಿ ನಮ್ಮ ಮಕ್ಕಳು ಹುಟ್ಟಾ ಪಂಡಿತರು. ನಮ್ಮ ಊರಿನ ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನ ಕೆಲವು ದಿನ ಮಾತ್ರ ತೆರೆಯುತ್ತದೆ. ಹಿಂದಿನ ವರ್ಷ ಬಾಗಿಲು ಹಾಕುವಾಗ ಹಚ್ಚಿಟ್ಟ ದೀಪ ಉರಿಯುತ್ತಲೇ ಇರುತ್ತದೆ, ಮುಡಿಸಿದ ಹೂ ಬಾಡಿರುವುದಿಲ್ಲ ಎನ್ನುವುದು ಊರಿನ ನಂಬಿಕೆ. ಪ್ರಬಂಧ ಬರೆಯಿರಿ ಎಂದರೆ ಹತ್ತರಲ್ಲಿ ನಾಲ್ಕು ಮಂದಿ ಇದನ್ನೇ ಬರೆಯುತ್ತಾರೆ. ಬಾಯಲ್ಲಿ ಹೇಳುವಾಗ ಕೇಳಬೇಕು: "ಬಾಗಿಲು ತೆಗೆದು ನೋಡಿದ್ರೆ, ದೀಪ ಉರೀತಾನೇ ಐತೆ!" ಆ "ನೋಡಿದರೆ"ಯನ್ನು ಗಮನಿಸಿ. ರೂಪದಲ್ಲಿ ಅದು ಷರತ್ತು, ಮಳೆ ಬಂದರೆ ಬೆಳೆ ಎನ್ನುವ ಹಾಗೆ. ಕೆಲಸದಲ್ಲಿ ಅದು ಷರತ್ತಲ್ಲ. ಈಗ ಎದುರಾಗುವುದು ನೀನು ಎಣಿಸದೇ ಇದ್ದದ್ದು ಎಂದು ಕೇಳುವವನಿಗೆ ಕೊಡುವ ಸೂಚನೆ. ಆಶ್ಚರ್ಯ ಎಂಬ ಪದ ಆ ವಾಕ್ಯದಲ್ಲಿ ಎಲ್ಲೂ ಇಲ್ಲ, ಆಶ್ಚರ್ಯವಲ್ಲದೆ ಬೇರೇನೂ ಇಲ್ಲ. ಕಥೆ ಹೇಳುವ ಅಜ್ಜಿಯರೆಲ್ಲರ ಬತ್ತಳಿಕೆಯ ಬಾಣ ಇದು.

ಹುಡುಗರು ಇದನ್ನೇ ಇಂಗ್ಲಿಷಿನಲ್ಲಿ ಬರೆಯುತ್ತಾರೆ: "ದೇ ಓಪನ್ ದ ಡೋರ್ ಅಂಡ್ ಇಫ್ ದೇ ಸೀ, ದ ಲ್ಯಾಂಪ್ ಈಸ್ ಬರ್ನಿಂಗ್." ಇಂಗ್ಲಿಷಿನ "ಇಫ್" ಇಂಥ ಕಡೆ ಷರತ್ತಿಗೆ ಬಿಟ್ಟು ಬೇರೆಯದಕ್ಕೆ ಬಗ್ಗುವುದಿಲ್ಲ. ನೋಡಿದರೆ ಮಾತ್ರ ದೀಪ ಉರಿಯುತ್ತದೆ, ನೋಡದಿದ್ದರೆ ಇಲ್ಲ ಎಂಬ ಅರ್ಥ ಬಂದು ಕೂರುತ್ತದೆ. ಇದನ್ನು ತಿದ್ದುವವರು ಸಾಮಾನ್ಯವಾಗಿ "ವೆನ್ ದೇ ಓಪನ್ ದ ಡೋರ್, ದೇ ಆರ್ ಸರ್‌ಪ್ರೈಸ್ಡ್ ಟು ಸೀ" ಎಂದು ಬರೆಸುತ್ತಾರೆ. ತಪ್ಪಿಲ್ಲ. ಆದರೆ ಹುಡುಗನ ವಾಕ್ಯದಲ್ಲಿದ್ದ ಝಲ್ಲೆನಿಸುವ ಗುಣ ಹೋಯಿತು. ಅವನು ಬಾಗಿಲು ತೆಗೆದು ದೀಪವನ್ನೇ ತೋರಿಸಿದ್ದ. ತಿದ್ದಿದ ವಾಕ್ಯ ಅವರ ಮನಸ್ಸಿನಲ್ಲಿ ಏನಾಯಿತೆಂದು ವರದಿ ಕೊಡುತ್ತದೆ. ಇಂಗ್ಲಿಷಿನಲ್ಲೂ "ನೋಡಿದರೆ"ಗೆ ಹತ್ತಿರದ ದಾರಿಗಳಿವೆ. "ದೇ ಓಪನ್ ದ ಡೋರ್ ಟು ಫೈಂಡ್ ದ ಲ್ಯಾಂಪ್ ಸ್ಟಿಲ್ ಬರ್ನಿಂಗ್" ಎನ್ನಬಹುದು. ಎಣಿಸಿದ್ದು ತಪ್ಪಿ ನಿರಾಸೆಯಾದಾಗ "ಓನ್ಲಿ ಟು ಫೈಂಡ್" ಎನ್ನಬಹುದು. "ಅಂಡ್ ದೇರ್ ಇಟ್ ಈಸ್" ಎಂದು ಬೆರಳು ಮಾಡಿ ತೋರಿಸಬಹುದು. ಇವೆಲ್ಲ ಮೇಲಿನ ಮಟ್ಟದ ಪಾಠ ಎಂದು ಪುಸ್ತಕಗಳು ಕಡೆಯ ಅಧ್ಯಾಯಗಳಿಗೆ ತಳ್ಳಿವೆ. ಕನ್ನಡದ ಮಕ್ಕಳಿಗೆ ಇದನ್ನು ಮೊದಲ ವರ್ಷವೇ ಕೊಡಬಹುದು. ಅವರಿಗೆ ಈ ಬೆರಗು ಹಳೆಯದು, ಇಂಗ್ಲಿಷಿನ ಅಂಗಿ ಮಾತ್ರ ಹೊಸದು. ಟು ಫೈಂಡ್ ಹೇಳಿಕೊಟ್ಟ ವಾರ ಬಂದ ಪ್ರಬಂಧಗಳಲ್ಲಿ ಅವರು ಬಾಗಿಲು ತೆರೆದು, ಡಬ್ಬಿ ತೆರೆದು, ಬಾವಿ ಇಣುಕಿ, ಅಟ್ಟ ಹತ್ತಿ ಕಂಡದ್ದನ್ನೆಲ್ಲ ಓದುತ್ತಾ ನಾನು ಊಟ ಮರೆತು ಕೂತಿದ್ದುಂಟು.

ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿಗೆ ಹೋದರೆ ಮತ್ತೆ ಹಳೆಯ ಸರ್‌ಪ್ರೈಸೇ ಕಾದು ಕೂತಿರುತ್ತದೆ, ಮುಖ ಮಾತ್ರ ಬದಲಾಗಿರುತ್ತದೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ ನನ್ನ ವಿದ್ಯಾರ್ಥಿಯೊಬ್ಬ ಒಂದು ಸಂಜೆ ಫೋನ್ ಮಾಡಿದ್ದ. ಲಂಡನ್ನಿನಲ್ಲಿ ಕೂತ ಅವನ ಮೇಲಧಿಕಾರಿ ಮೇಲ್ ಕಳಿಸಿದ್ದರು. ಅಂಕಿಅಂಶ ಇಲ್ಲದೆ ವರದಿ ಹೊರಗೆ ಹೋದದ್ದು ನೋಡಿ "ಐ ವಾಸ್ ಎ ಲಿಟ್ಲ್ ಸರ್‌ಪ್ರೈಸ್ಡ್" ಎಂದು ಅದರಲ್ಲಿತ್ತು. "ಸ್ವಲ್ಪ ಆಶ್ಚರ್ಯ ಆಯ್ತು ಅಂದಿದಾರೆ ಮೇಡಂ, ಅಷ್ಟೇ ತಾನೆ? ಆದ್ರೆ ಪಕ್ಕದ ಸೀಟಿನವರು ಯಾಕೆ ಹೆದರಿಕೊಂಡಿದಾರೆ?" ಎಂದು ಕೇಳಿದ. ನಾನು ಹೇಳಿದೆ, "ನಿಮ್ಮ ದೊಡ್ಡಮ್ಮ ಮದುವೆಮನೇಲಿ ಸಿಕ್ಕಿ, ಏನಪ್ಪಾ, ನಮ್ಮ ನೆನಪೂ ಇದೆಯಲ್ಲ, ಆಶ್ಚರ್ಯ ಅಂದ್ರೆ ನಿಂಗೆ ಏನನ್ಸುತ್ತೆ?" ಆ ಕಡೆ ಒಂದು ಗಳಿಗೆ ಮಾತಿಲ್ಲ. "ಗೊತ್ತಾಯ್ತು ಮೇಡಂ. ರಾತ್ರಿಯೊಳಗೆ ಸರಿ ಮಾಡಿ ಕಳಿಸ್ತೀನಿ" ಎಂದ. "ಲಿಟ್ಲ್" ಎಂಬುದು ಅಲ್ಲಿ ಅಳತೆಯ ಪದ ಅಲ್ಲವೇ ಅಲ್ಲ. ಸಿಟ್ಟಿಗೆ ಹೊದಿಸಿದ ಸೌಜನ್ಯ. ನಮ್ಮ ಕಚೇರಿಗಳ ಹಳೆಯ ಟಿಪ್ಪಣಿಗಳಲ್ಲಿ "ಸರ್‌ಪ್ರೈಸ್ಡ್ ಟು ನೋಟ್" ಎಂದು ಬಂದರೆ ಹಿಂದೆಯೇ ವಿವರಣೆ ಕೇಳುವ ನೋಟೀಸು ಬರುತ್ತದೆ ಎಂದು ಗುಮಾಸ್ತರಿಗೆಲ್ಲ ಗೊತ್ತಿತ್ತು. ಆ ಹುಡುಗ ಪದಕೋಶದ ಅರ್ಥದಲ್ಲಿ ಓದಿದ್ದ. ದೊಡ್ಡಮ್ಮನ ದನಿಯಲ್ಲಿ ಕೇಳಿದ ಕೂಡಲೇ ಒಳಗಿನ ಅರ್ಥ ಹೊಳೆಯಿತು. ಅದಕ್ಕೆ ಸಿ2ರ ಪುಸ್ತಕ ಬೇಕಾಗಲಿಲ್ಲ.

ಬೆಂಗಳೂರಿನ ನೆನಪಾದಾಗ ಎನ್. ಎಸ್. ಪ್ರಭು ಅವರನ್ನು ನೆನೆಯದೆ ಇರಲಾರೆ. 1979ರಿಂದ 1984ರವರೆಗೆ ಬೆಂಗಳೂರಿನಲ್ಲೂ ತಮಿಳುನಾಡಿನ ಕೆಲವು ಊರುಗಳಲ್ಲೂ ಸಾಮಾನ್ಯ ಶಾಲೆಗಳ ತರಗತಿಗಳಲ್ಲಿ ಅವರು ಒಂದು ಪ್ರಯೋಗ ನಡೆಸಿದರು. ಭಾಷೆ ಕಲಿಸುವವರ ಲೋಕದಲ್ಲಿ ಅದಕ್ಕೆ ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರು. ವ್ಯಾಕರಣವನ್ನು ಬಿಡಿಸಿ ಹೇಳುವ ಬದಲು ಮಕ್ಕಳ ಕೈಗೆ ರೈಲಿನ ವೇಳಾಪಟ್ಟಿಯನ್ನೋ ನಕ್ಷೆಯನ್ನೋ ಕೊಟ್ಟು, ಯೋಚಿಸಿ ಬಿಡಿಸಬೇಕಾದ ಲೆಕ್ಕ ಒಡ್ಡುತ್ತಿದ್ದರು. ಮನಸ್ಸು ಅರ್ಥದ ಮೇಲೆ ನೆಟ್ಟಿರುವಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎನ್ನುವುದು ಅವರ ನಂಬಿಕೆ. 1987ರಲ್ಲಿ ಅದರ ಬಗ್ಗೆ ಬರೆದ ಅವರ ಪುಸ್ತಕವನ್ನು ಜಗತ್ತಿನ ಎಷ್ಟೋ ಕಡೆ ಇಂದಿಗೂ ಓದುತ್ತಾರೆ. ನಮ್ಮ ನೆಲದ ಬಡ ಶಾಲೆಗಳಲ್ಲಿ ಹುಟ್ಟಿದ ವಿಚಾರ ಹೊರಗಿನವರಿಗೆ ಚೆನ್ನಾಗಿ ಗೊತ್ತಿದ್ದು, ಇಲ್ಲಿನ ಮೇಷ್ಟ್ರುಗಳಿಗೆ ಹೆಚ್ಚು ತಿಳಿಯದೆ ಹೋಗಿರುವುದು ನನಗೆ ನೋವು ತರುತ್ತದೆ. ಸರ್‌ಪ್ರೈಸ್ ವಿಷಯದಲ್ಲಂತೂ ಪ್ರಭು ಅವರ ಮಾತು ನೂರಕ್ಕೆ ನೂರು ನಿಜ. "ಬ್ರಾಕೆಟ್ಟಿನಲ್ಲಿರುವ ಪದದ ಸರಿಯಾದ ರೂಪ ಬರೆಯಿರಿ" ಎಂಬ ಪ್ರಶ್ನೆಯಿಂದ ಯಾರಿಗೂ ಯಾವತ್ತೂ ಆಶ್ಚರ್ಯವಾಗಿಲ್ಲ. ಆಶ್ಚರ್ಯದ ಮಾತು ಬರಬೇಕಾದರೆ ಎದುರಿಗೆ ಆಶ್ಚರ್ಯ ಇರಬೇಕು.

ಹಾಗಾಗಿ ವಾರಕ್ಕೊಮ್ಮೆ ನಾನು ನಂಬಲು ಕಷ್ಟವಾದ, ಆದರೆ ನಿಜವಾದ ಒಂದು ಸಂಗತಿ ತೆಗೆದುಕೊಂಡು ಹೋಗುತ್ತೇನೆ. ಶುಕ್ರಗ್ರಹ ಸೂರ್ಯನನ್ನು ಒಂದು ಸುತ್ತು ಹಾಕಲು ನಮ್ಮ 225 ದಿನ ತೆಗೆದುಕೊಳ್ಳುತ್ತದೆ, ತನ್ನ ಸುತ್ತ ತಾನು ಒಮ್ಮೆ ತಿರುಗಲು 243 ದಿನ. ಇದನ್ನು ಹೇಳಿದ ದಿನ ತರಗತಿಯಲ್ಲಿ ನಿಂಬೆಹಣ್ಣು, ಕಿತ್ತಳೆ ತಿರುಗಿಸಿ ತಿರುಗಿಸಿ ಗಂಟೆಯೇ ಹೊಡೆದುಬಿಟ್ಟಿತು. ಇನ್ನೊಂದು ವಾರ ಆಕ್ಟೋಪಸ್ಸಿಗೆ ಮೂರು ಹೃದಯ ಎಂದು ಹೇಳಿದೆ. ರಕ್ತ ನೀಲಿ ಎಂದೂ ಹೇಳಿದೆ. ಹಿಂದಿನ ಬೆಂಚಿನಲ್ಲಿ "ಅಬ್ಬಾ" ಕೇಳಿಸಿತು. ಕಿಟಕಿಯ ಪಕ್ಕ ಕೂತವಳು "ರಿಯಲಿ?" ಎಂದಳು, ಅದೂ "ಹೌದಾ?" ಎನ್ನುವಾಗಿನ ಏರುದನಿಯಲ್ಲೇ. ಆಗ ಅರಕಲಗೂಡಿನ ಕಡೆಯ, ವರ್ಷವಿಡೀ ಬಾಯಿ ಬಿಡದೆ ಕೂತಿದ್ದ ಹುಡುಗ ಎದ್ದು ನಿಂತ. "ಮೇಡಂ, ಇಫ್ ಒನ್ ಹಾರ್ಟ್ ಸ್ಟಾಪ್, ಇಟ್ ವಿಲ್ ಲಿವ್?" ಪ್ರಶ್ನೆಯ ಪದಗಳು ಇರಬೇಕಾದ ಕಡೆ ಇರಲಿಲ್ಲ. ನಾನು ತಿದ್ದಲಿಲ್ಲ. "ಒಳ್ಳೇ ಪ್ರಶ್ನೆ ಕಣಪ್ಪಾ. ಪ್ರಾಣಿಶಾಸ್ತ್ರದವರ ಹತ್ರ ಹೋಗಿ ಕೇಳ್ಕೊಂಡು ಬಾ. ಬಂದು ನಮಗೆಲ್ಲ ಇಂಗ್ಲಿಷಲ್ಲಿ ಹೇಳು" ಎಂದು ಕಳಿಸಿದೆ.

ಹೋದವನು ಓಡಿಕೊಂಡೇ ಬಂದ. ಎರಡು ಹೃದಯ ಕಿವಿರುಗಳಿಗೆ ರಕ್ತ ಒತ್ತುತ್ತವೆ, ಮೂರನೆಯದು ಮೈಗೆಲ್ಲ. ಆಕ್ಟೋಪಸ್ ಈಜುವಾಗ ಆ ಮೂರನೆಯದು ಬಡಿಯುವುದನ್ನು ನಿಲ್ಲಿಸುತ್ತದೆ, ಹಾಗಾಗಿ ಬೇಗ ಸುಸ್ತಾಗಿ ಈಜುವುದಕ್ಕಿಂತ ತೆವಳುವುದನ್ನೇ ಇಷ್ಟಪಡುತ್ತದೆ. ಇಷ್ಟನ್ನು ಹೊತ್ತು ತಂದವನು ಬಾಗಿಲಲ್ಲೇ ಏದುಸಿರು ಬಿಡುತ್ತಾ ನಿಂತು, ಕರೆಯುವವರೆಗೂ ಕಾಯದೆ ಶುರುಮಾಡಿದ: "ಮೇಡಂ, ಯು ವಿಲ್ ಬಿ ಸರ್‌ಪ್ರೈಸ್ಡ್! ಒನ್ ಹಾರ್ಟ್ ಸ್ಟಾಪ್ಸ್ ಎವ್ರಿ ಟೈಮ್ ಇಟ್ ಸ್ವಿಮ್ಸ್." ಕೊನೆಯ ಡಕಾರ ಹಿಂದಿನ ಬೆಂಚಿನವರಿಗೂ ಕೇಳಿಸಿತು.